ಗ್ರೀನ್ ಸ್ಟಫ್ ಪುಟ್ಟಿ: 3 ವರ್ಷ ಬಳಸಿದ ಮೇಲೆ, ಒಂದು ಕಸ್ಟಮ್ ಮಿನಿಯೇಚರ್ ಸಮೇತ

ಮಿನಿಯೇಚರ್ ಅಂದ್ರೆ ಪುಟ್ಟ ಗೊಂಬೆಗಳಿಗೆ ಆಕಾರ ಕೊಡೋಕೆ ಬಳಸೋ ಈ ಪುಟ್ಟಿ ಬಗ್ಗೆ ಮೊದಲನೇ ವಾರದಲ್ಲೇ ಬರೆದಿದ್ರೆ ಒಂದು ಸ್ಟಾರ್ ಕೊಟ್ಟು ಮುಗಿಸ್ತಿದ್ದೆ. ಬೆರಳಿಗೆ ಅಂಟತ್ತೆ, ಟೂಲ್‌ಗೆ ಅಂಟತ್ತೆ, ಎಲ್ಲಿ ಕೂರ್ಬೇಕೋ ಅಲ್ಲಿಂದ ಎದ್ದು ಬರತ್ತೆ ಅನ್ಸಿತ್ತು. ಈಗ 3 ವರ್ಷ ಆಯ್ತು, ಆರನೇ ಪ್ಯಾಕ್ ನಡೀತಿದೆ, ಸೈನ್ಸ್ ಫಿಕ್ಷನ್ ಟೇಬಲ್‌ಟಾಪ್ ಗೇಮ್‌ಗೆ ಅಂತ ನಾನು ಕನ್ವರ್ಟ್ ಮಾಡಿದ (ಬೇರೆ ಬೇರೆ ಕಿಟ್ ಭಾಗ ಸೇರಿಸಿ ಬದಲಾಯಿಸಿದ) ಫಿಗರ್‌ಗಳಲ್ಲಿ ಇದು ಇಲ್ಲದೇ ಇರೋದು ಒಂದೂ ಇಲ್ಲ. ಪುಟ್ಟಿ ಅದೇ, ಏನೂ ಬದಲಾಗಿಲ್ಲ. ಅದನ್ನ ಯಾವಾಗ ಮುಟ್ಟಬೇಕು, ಯಾವಾಗ ಸುಮ್ನೆ ಬಿಡಬೇಕು ಅನ್ನೋದು ಈಗ ಕೈಗೆ ಗೊತ್ತಾಗಿದೆ. ಈ ರಿವ್ಯೂನಲ್ಲಿ ಹೆಚ್ಚಾಗಿ ಅದನ್ನೇ ಹೇಳ್ತೀನಿ.

ಹೊಸಬರಿಗೆ ಒಂದೆರಡು ಮಾತು. ಇದು ಎರಡು ಭಾಗದ ಎಪಾಕ್ಸಿ ಪುಟ್ಟಿ, ಹಳದಿ ರೆಸಿನ್, ಅದನ್ನ ಗಟ್ಟಿ ಮಾಡೋ ನೀಲಿ ಹಾರ್ಡನರ್, ಎರಡನ್ನೂ ಸಮ ಸಮ ತಗೊಂಡು ನಾದಿದ್ರೆ ಹಸಿರಾಗತ್ತೆ, ಅದಕ್ಕೇ ಎಲ್ಲರೂ ಗ್ರೀನ್ ಸ್ಟಫ್ ಅಂತಾರೆ. ಅಸಲಿ ಹೆಸರು ನೀಡಟೈಟ್, ಬೇರೆ ಬೇರೆ ಕಡೆಯವರು ಅವರವರ ಲೇಬಲ್ ಹಾಕಿ ಮಾರ್ತಾರೆ. ಹಳದಿ ಸ್ವಲ್ಪ ಜಾಸ್ತಿ ಹಾಕಿದ್ರೆ ಮೆತ್ತಗಿರತ್ತೆ, ಅಂಟು ಜಾಸ್ತಿ, ಒಣಗೋಕೂ ನಿಧಾನ. ನೀಲಿ ಜಾಸ್ತಿ ಹಾಕಿದ್ರೆ ಗಡುಸು, ಅಂಚುಗಳು ಚೂಪಾಗಿ ನಿಲ್ತವೆ. ಕಲಸಿದ ಮೇಲೆ ಸುಮಾರು ಒಂದು ಗಂಟೆ ಕೆಲಸ ಮಾಡಬಹುದು, ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬಿಟ್ಬಿಡಿ. ಟೇಬಲ್ ಲ್ಯಾಂಪ್ ಬಿಸಿಗೆ ಇಟ್ರೆ ಬೇಗ ಆಗತ್ತೆ.

ರಿಬ್ಬನ್ ತರ ಪಕ್ಕಪಕ್ಕ ಅಂಟಿಸಿರೋ ಪ್ಯಾಕ್ ತಗೊಂಡ್ರೆ ಒಂದು ವಿಷಯ ನೆನಪಿರಲಿ, ಹಳದಿ ನೀಲಿ ಎರಡೂ ತಾಗ್ತಿರೋ ಮಧ್ಯದ ಗೆರೆ ಪ್ಯಾಕ್ ಒಳಗೇ ಗಟ್ಟಿಯಾಗಿರತ್ತೆ. ಅಲ್ಲಿ 2 ಮಿಮೀ ಪಟ್ಟಿ ಕತ್ತರಿಸಿ ಬಿಸಾಕಿ, ಉಳಿಸೋಕೆ ಹೋಗ್ಬೇಡಿ. ನಾನು ಮೊದಲು ಉಳಿಸೋಕೆ ಹೋಗಿ, ನುಣ್ಣಗಿರಬೇಕಾದ ಮುಖದ ಮೇಲೆ ಮರಳು ಕಾಳಿನ ತರ ಗಂಟು ಗಂಟು ಬಂದು ಎರಡು ಸಂಜೆ ಕೆಲಸ ಹಾಳಾಯ್ತು. ಒಂದ್ಸಲ ಬಂದ ಪ್ಯಾಕ್ ಅಂತೂ ಎಷ್ಟು ಹಳೇದಿತ್ತು ಅಂದ್ರೆ ನೀಲಿ ಭಾಗ ಪೂರ್ತಿ ಕಾಳು ಕಾಳಾಗಿತ್ತು, ಎಷ್ಟು ನಾದಿದ್ರೂ ಹಸಿರಲ್ಲಿ ನೀಲಿ ಚುಕ್ಕೆ ಹೋಗ್ಲೇ ಇಲ್ಲ. ಆಮೇಲಿಂದ ಎರಡು ಬಣ್ಣ ಬೇರೆ ಬೇರೆ ಇರೋದನ್ನೇ ತಗೋತೀನಿ, ಕವರ್‌ನಲ್ಲಿ ಗಾಳಿ ಆಡದ ಹಾಗೆ ಕಟ್ಟಿ ಫ್ರೀಜರ್‌ನಲ್ಲಿ ಇಡ್ತೀನಿ, ಒಂದು ವರ್ಷ ಆದ್ಮೇಲೂ ಚೆನ್ನಾಗೇ ಇತ್ತು.

ಈಗ ಫಿಗರ್ ವಿಷಯಕ್ಕೆ ಬರ್ತೀನಿ. 32 ಮಿಮೀ ಸ್ಕೇಲ್ (ನಿಂತ ಆಳು ಸುಮಾರು ಅಷ್ಟೆತ್ತರ), ಪಾಳುಬಿದ್ದ ಬಾಹ್ಯಾಕಾಶ ನೌಕೆಗಳಲ್ಲಿ ಬಿಡಿಭಾಗ ಹುಡ್ಕೊಂಡು ಬದುಕೋ ಒಬ್ಬ ಇಂಜಿನಿಯರ್, ಎಡಗೈ ಹೋಗಿ ಅಲ್ಲಿ ಯಂತ್ರದ ಕೈ ಬಂದಿದೆ, ಮೈಮೇಲೆ ಹರಿದ ಮೇಲಂಗಿ, ಬೆನ್ನಿನ ಟ್ಯಾಂಕಿಂದ ಆ ಕೈಗೆ ಎರಡು ಕೇಬಲ್. ದೇಹ ಪ್ಲಾಸ್ಟಿಕ್ ಸೋಲ್ಜರ್ ಕಿಟ್‌ದು, ಹೆಲ್ಮೆಟ್ ತಲೆ ರೆಸಿನ್ (ಪುಟ್ಟಿಯ ಹಳದಿ ಭಾಗ ಅಲ್ಲ, ಅಚ್ಚಿಗೆ ಸುರಿದು ಮಾಡಿದ ಗಟ್ಟಿ ರೆಸಿನ್), ಎಡಗೈ ಒಂದು ರೋಬೋಟ್ ಕಿಟ್‌ನಲ್ಲಿ ಉಳಿದಿದ್ದು, ಅದೂ ರೆಸಿನ್. ರೆಸಿನ್ ಭಾಗಗಳನ್ನ ಮೊದಲು ಸೋಪ್ ನೀರಲ್ಲಿ ಹಳೇ ಟೂತ್‌ಬ್ರಶ್ ಹಾಕಿ ತೊಳೀರಿ, ಅಚ್ಚಿಂದ ಬಿಡಿಸೋಕೆ ಹಚ್ಚಿರೋ ಜಿಡ್ಡು ಉಳಿದಿದ್ರೆ ಪೇಂಟ್ ನಿಲ್ಲಲ್ಲ. ಉಜ್ಜೋದಿದ್ರೆ ನೀರು ಹಾಕ್ಕೊಂಡೇ ಉಜ್ಜಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮಾಸ್ಕ್ ಹಾಕಿ. ಪ್ಲಾಸ್ಟಿಕ್ ಸಿಮೆಂಟ್ ಪ್ಲಾಸ್ಟಿಕ್‌ನ ಕರಗಿಸಿ ಬೆಸೆಯತ್ತೆ, ರೆಸಿನ್‌ಗೆ ಅದು ಕೆಲಸಕ್ಕೆ ಬರಲ್ಲ, ಅಲ್ಲಿ ಸೂಪರ್ ಗ್ಲೂನೇ ಬೇಕು. ಸೂಪರ್ ಗ್ಲೂ ಒಂದನ್ನೇ ನಂಬಿದ್ರೆ ಸಣ್ಣ ಪೆಟ್ಟಿಗೂ ಕಳಚತ್ತೆ, ಅದಕ್ಕೇ ಭುಜಕ್ಕೆ ಪಿನ್ ಹಾಕಿದೆ. ಒಂದು ಕಡೆ ಪಿನ್ ವೈಸ್‌ನಲ್ಲಿ (ಕೈಯಲ್ಲೇ ತಿರುಗಿಸೋ ಪುಟ್ಟ ಡ್ರಿಲ್) 1 ಮಿಮೀ ತೂತು ಕೊರೆದು, ತೂತಿನ ಬಾಯಿಗೆ ಹಸಿ ಪೇಂಟ್ ಒಂದು ಚುಕ್ಕೆ ಇಟ್ಟು ಇನ್ನೊಂದು ಭಾಗವನ್ನ ಸರಿಯಾಗಿ ಒತ್ತಿದ್ರೆ ಅಲ್ಲೂ ಗುರುತು ಮೂಡತ್ತೆ, ಅಲ್ಲೇ ಎರಡನೇ ತೂತು, ಮಧ್ಯೆ ಹಿತ್ತಾಳೆ ತಂತಿ. ಭುಜದ ಸಂದಿಗೆ ಪುಟ್ಟಿ ತುಂಬಿದೆ.

ಮೇಲಂಗಿ ಮಾಡೋವಾಗ್ಲೇ ಈ ಪುಟ್ಟಿ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು. ಮೊದಲು ಎರಡು ಸಲ ಕಲಸಿದ ತಕ್ಷಣ ಲಟ್ಟಿಸಿ ಹೊದಿಸೋಕೆ ಹೋದೆ, ಹಿಗ್ಗಿ ಹರಿದು ಬಂತು. ಮೂರನೇ ಸಲ ಪ್ಲಾಸ್ಟಿಕ್ ಹಾಳೆಗೆ ವ್ಯಾಸಲೀನ್ ತೆಳ್ಳಗೆ ಸವರಿ, ಅದರ ಮೇಲೆ ಅರ್ಧ ಮಿಮೀ ದಪ್ಪಕ್ಕೆ ಲಟ್ಟಿಸಿ, ಮುಟ್ಟದೇ 40 ನಿಮಿಷ ಬಿಟ್ಟೆ. ಆಗ ಅದು ತೆಳು ಚರ್ಮದ ತರ ಆಗತ್ತೆ, ಎತ್ತಿದ್ರೆ ಜೋತು ಬೀಳತ್ತೆ, ಹರಿಯಲ್ಲ. ಬ್ಲೇಡಲ್ಲಿ ಆಕಾರಕ್ಕೆ ಕತ್ತರಿಸಿ, ಭುಜದ ಮೇಲೆ ಪುಟ್ಟಿಯದೇ ಹೊಸ ಅಂಟು ತುಣುಕು ಇಟ್ಟು ಅದಕ್ಕೆ ಒತ್ತಿ ಕೂರಿಸಿದೆ. ಕೆಳಗಡೆ ಅಂಚನ್ನ ಎತ್ತಿ ಗಾಳಿಗೆ ಹಾರ್ತಿರೋ ಹಾಗೆ ಮಡಚಿ, ಮಡಿಕೆ ಒಳಗೆ ಟಿಶ್ಯೂ ಉಂಡೆ ತುರುಕಿ ನಿಲ್ಲಿಸಿದೆ. ಸಿಲಿಕೋನ್ ತುದಿ ಇರೋ ಶೇಪರ್‌ನ ನೀರಲ್ಲಿ ಅದ್ದಿ ಅದ್ದಿ ಮಡಿಕೆ ಎಳೆದಾಗ ಬಟ್ಟೆ ಭಾರಕ್ಕೆ ಎಲ್ಲಿ ಇಳೀಬೇಕೋ ಅಲ್ಲೇ ಇಳೀತು. ಇನ್ನೂ 20 ನಿಮಿಷ ಬಿಟ್ಟು, ಅಂಚನ್ನ ಸೂಜಿಯಿಂದ ಕೆದಕಿ ಹರಿದ ನೂಲಿನ ಹಾಗೆ ಮಾಡಿದೆ. ಅದೇ ಕೆಲಸ ಮೊದಲೇ ಮಾಡಿದ್ರೆ ಸೂಜಿಗೆ ಅಂಟಿ ಎಳೆ ಎಳೆ ಬರ್ತಿತ್ತು.

ಈ ಟೈಮಿಂಗ್ ತಿಳ್ಕೊಳ್ಳೋಕೆ ಒಂದು ಅಭ್ಯಾಸ ಮಾಡ್ಕೊಂಡಿದೀನಿ. ಕಲಸಿದ್ದರಲ್ಲಿ ಒಂದು ಸಣ್ಣ ಗುಂಡು ಪಕ್ಕದಲ್ಲಿ ಇಟ್ಟಿರ್ತೀನಿ, ಮಾಡೆಲ್ ಮುಟ್ಟೋ ಮೊದಲು ಅದನ್ನ ಚುಚ್ಚಿ ನೋಡ್ತೀನಿ. ಗಡಿಯಾರಕ್ಕಿಂತ ಇದೇ ಸರಿ, ಯಾಕಂದ್ರೆ ಚಳಿ ಇದ್ರೆ ಎರಡು ಪಟ್ಟು ಹೊತ್ತು ಬೇಕಾಗತ್ತೆ.

ಕೇಬಲ್‌ಗೂ ಇದೇ ಲೆಕ್ಕ. ಒಳಗೆ ತೆಳು ತಾಮ್ರದ ತಂತಿ, ಸುತ್ತ ಪುಟ್ಟಿ, ನುಣ್ಣಗೆ ಉರುಳಿಸಿ ಅರ್ಧ ಗಂಟೆ ಬಿಟ್ಟು, ಬ್ಲೇಡ್‌ನ ಅಡ್ಡ ಇಟ್ಟು ಮೆಲ್ಲಗೆ ಒತ್ತಿ ಉರುಳಿಸ್ತಾ ಹೋದ್ರೆ ಸುತ್ತಲೂ ಉಂಗುರ ಗೆರೆ ಬೀಳತ್ತೆ, ಗ್ಯಾಸ್ ಪೈಪ್ ತರಾನೇ ಕಾಣತ್ತೆ.

ಸಮತಟ್ಟಾದ ಕವಚಕ್ಕೆ ಮಾತ್ರ ಇದನ್ನ ಬಳಸ್ಬೇಡಿ ಅಂತ ಖಡಾಖಂಡಿತವಾಗಿ ಹೇಳ್ತೀನಿ. ಒಣಗಿದ ಮೇಲೂ ಇದು ಸ್ವಲ್ಪ ರಬ್ಬರ್ ತರ ಬಳುಕತ್ತೆ, ಸ್ಯಾಂಡ್ ಪೇಪರ್ ಹಾಕಿದ್ರೆ ನುಣ್ಣಗಾಗೋ ಬದಲು ಜುಂಗು ಏಳತ್ತೆ. ಭುಜದ ಪ್ಲೇಟ್‌ನ ಇದ್ರಲ್ಲಿ ಮಾಡಿ ಒಂದು ವಾರ ಉಜ್ಜಿದೀನಿ, ಕೊನೆಗೆ ಕಿತ್ತು ಹಾಕಿದೆ. ಅಲ್ಲಿಗೆ ಮಿಲಿಪುಟ್ ಅನ್ನೋ ಇನ್ನೊಂದು ಎಪಾಕ್ಸಿ ಪುಟ್ಟಿ ಸರಿ, ಅದು ಹಸಿ ಇದ್ದಾಗ ನೀರಿಗೆ ಕರಗತ್ತೆ, ಒಣಗಿದ್ರೆ ಕಲ್ಲಿನ ಹಾಗೆ ಉಜ್ಜಬಹುದು, ಆದ್ರೆ ತೆಳುವಾದ್ರೆ ಮುರಿಯತ್ತೆ. ಎರಡನ್ನೂ ಅರ್ಧ ಅರ್ಧ ಬೆರೆಸಿದ್ರೆ ಮಧ್ಯದ ಗುಣ ಸಿಗತ್ತೆ, ಈಗ ಕವಚದ ಉಬ್ಬು ಭಾಗಗಳಿಗೆಲ್ಲ ಅದೇ ಬಳಸ್ತೀನಿ. ಪೂರ್ತಿ ಚಪ್ಪಟೆ ಬೇಕಾದ್ರೆ 0.5 ಮಿಮೀ ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಅಂಟಿಸೋದೇ ವಾಸಿ.

ಕೈಗೆ ಗ್ಲೌಸ್ ಹಾಕಿ. ಒಣಗದ ಎಪಾಕ್ಸಿಯನ್ನ ಪದೇ ಪದೇ ಬರಿಗೈಲಿ ಮುಟ್ಟಿದ್ರೆ ಚರ್ಮಕ್ಕೆ ಅಲರ್ಜಿ ಬರಬಹುದು, ಒಂದ್ಸಲ ಬಂದ್ರೆ ಆಮೇಲೆ ಸ್ವಲ್ಪ ತಾಗಿದ್ರೂ ಮತ್ತೆ ಬರತ್ತೆ. ಗ್ಲೌಸ್ ಇದ್ರೆ ಬೆರಳಚ್ಚೂ ಬೀಳಲ್ಲ, ಹಸಿರು ಬಣ್ಣದಲ್ಲಿ ಕಾಣದೇ ಇದ್ದ ಬೆರಳಚ್ಚು ಪ್ರೈಮರ್ (ಪೇಂಟ್‌ಗೆ ಮೊದಲು ಹೊಡೆಯೋ ಕೋಟ್) ಬಿದ್ದ ಕೂಡ್ಲೇ ಎದ್ದು ಕಾಣತ್ತೆ.

ಪೇಂಟ್ ವಿಷಯ. ಪುಟ್ಟಿ ಮೇಲೆ ವ್ಯಾಸಲೀನ್ ಉಳಿದಿದ್ರೆ ಪ್ರೈಮರ್ ಅಲ್ಲಲ್ಲಿ ಬಿಟ್ಕೊಳ್ಳತ್ತೆ, ಪೂರ್ತಿ ಒಣಗಿದ ಮೇಲೆ ಸೋಪ್ ನೀರಲ್ಲಿ ಮತ್ತೊಂದ್ಸಲ ತೊಳೀಬೇಕು. ಪ್ಲಾಸ್ಟಿಕ್, ರೆಸಿನ್, ಪುಟ್ಟಿ ಮೂರು ಮೂರು ಬಣ್ಣದಲ್ಲಿದ್ದ ಫಿಗರ್ ಕಪ್ಪು ಪ್ರೈಮರ್ ಬಿದ್ದ ಕ್ಷಣ ಒಂದೇ ಆಳಾಗಿ ನಿಂತಾಗ ಆದ ಖುಷಿ ಇವತ್ತಿಗೂ ನೆನಪಿದೆ. ಕಪ್ಪಿನ ಮೇಲೆ ನೆತ್ತಿ ಕಡೆಯಿಂದ ಮಾತ್ರ ಬಿಳಿ ಸ್ಪ್ರೇ ತೆಳುವಾಗಿ ಹಾಯಿಸಿದೆ, ಬೆಳಕು ಎಲ್ಲಿ ಬೀಳತ್ತೆ ಅಂತ ಅದೇ ತೋರಿಸ್ಕೊಡತ್ತೆ, ಮೇಲಂಗಿ ಮಡಿಕೆಗಳಿಗೆ ಅರ್ಧ ಶೇಡಿಂಗ್ ಅಲ್ಲೇ ಆಗೋಯ್ತು. ಆಮೇಲೆ ವೆಟ್ ಪ್ಯಾಲೆಟ್ (ಪೇಂಟ್ ಒಣಗದ ಹಾಗೆ ತೇವ ಇಡೋ ತಟ್ಟೆ) ಮೇಲೆ ನೀರು ಬೆರೆಸಿದ ತೆಳು ಪೇಂಟ್, ಒಂದು ದಪ್ಪ ಕೋಟ್ ಬದಲು ಮೂರು ತೆಳು ಕೋಟ್. ಕವಚಕ್ಕೆ ಮಾಸಿದ ಕಿತ್ತಳೆ, ಅಂಚಿಗೆ ಸ್ಪಂಜ್ ತುಂಡಲ್ಲಿ ಗಾಢ ಕಂದು ತಟ್ಟಿ ಪೇಂಟ್ ಎದ್ದಿರೋ ಗುರುತು. ಹೆಲ್ಮೆಟ್ ಗಾಜಿಗೆ ಮೇಲ್ಗಡೆ ಕಡು ನೀಲಿ, ಕೆಳಗೆ ಬರ್ತಾ ತಿಳಿ, ಕಡು ಇರೋ ಮೂಲೆಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ, ಎಲ್ಲದಕ್ಕೂ ಮ್ಯಾಟ್ ವಾರ್ನಿಶ್ ಆದ್ಮೇಲೆ ಗಾಜಿಗೆ ಮಾತ್ರ ಹೊಳಪಿನ ವಾರ್ನಿಶ್.

ಲಾಂಗ್ ಟರ್ಮ್ ಅಂದ್ಮೇಲೆ ಬಾಳಿಕೆ ಹೇಳ್ಲೇಬೇಕು. ಈ ಫಿಗರ್ ಎರಡೂವರೆ ವರ್ಷದಿಂದ ಪ್ರತಿ ಆಟಕ್ಕೂ ಹೊರಗೆ ಬರತ್ತೆ, ಎಲ್ಲರೂ ಕೈಯಲ್ಲಿ ಎತ್ತಿ ನೋಡ್ತಾರೆ. ಒಂದ್ಸಲ ಟೇಬಲ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿತ್ತು. ರೆಸಿನ್ ಕೈಯ ಎರಡು ಬೆರಳು ಮುರಿದವು, ಪಿನ್ ಇದ್ದಿದ್ರಿಂದ ಭುಜ ಕಳಚಲಿಲ್ಲ. ಪುಟ್ಟಿ ಕೇಬಲ್ ಬಗ್ಗಿತು ಅಷ್ಟೇ, ಬೆರಳಲ್ಲಿ ಮೆಲ್ಲಗೆ ಒತ್ತಿ ಸರಿ ಮಾಡಿದೆ, ಬಿರುಕಿಲ್ಲ. ಉಜ್ಜೋಕೆ ಬಿಡದೇ ಸತಾಯಿಸಿದ ಅದೇ ಬಳುಕೋ ಗುಣ ಅವತ್ತು ಕಾಪಾಡ್ತು. ಮೇಲಂಗಿ ಬುಡದಲ್ಲಿ, ಎಲ್ಲರ ಹೆಬ್ಬೆರಳು ತಾಗೋ ಜಾಗದಲ್ಲಿ ಪೇಂಟ್ ಸವೆದು ಎಳ್ಳಷ್ಟು ಹಸಿರು ಕಾಣ್ತಿದೆ. ಪುಟ್ಟಿ ಅಲ್ಲಾಡಿಲ್ಲ. ಈ ವಾರ ಅಲ್ಲಿಗೆ ಬೂದು ನೀಲಿ ಎರಡು ಕೋಟ್ ಹಚ್ಚಿ ಮತ್ತೆ ವಾರ್ನಿಶ್ ಹೊಡೀತೀನಿ, ಮುರಿದ ಬೆರಳುಗಳನ್ನೂ ಈ ಸಲ ಪುಟ್ಟಿಯಲ್ಲೇ ಮಾಡ್ತೀನಿ, ಒಳಗೆ ತಂತಿ ಇಟ್ಟು.