ಹದಿಹರೆಯದ ಮಕ್ಕಳೊಂದಿಗೆ ಮಹಾನಗರದಲ್ಲಿ: ಹಾಸ್ಟೆಲ್ ಡಾರ್ಮಿಟರಿಯೋ, ಪ್ರತ್ಯೇಕ ಕೋಣೆಯೋ?

ಬಾಡಿಗೆಗಿಂತ ಮೊದಲು ವಯಸ್ಸಿನ ನಿಯಮ ನೋಡಿ. ಪ್ರವಾಸಿಗರು ತಂಗುವ ಎಷ್ಟೋ ಹಾಸ್ಟೆಲ್‌ಗಳು 18 ತುಂಬದವರನ್ನು ಡಾರ್ಮಿಟರಿಗೆ, ಅಂದರೆ ಅಪರಿಚಿತರೊಂದಿಗೆ ಹಂಚಿಕೊಂಡು ಮಲಗುವ ಕೋಣೆಗೆ, ಸೇರಿಸುವುದಿಲ್ಲ, ಅಪ್ಪ-ಅಮ್ಮ ಜೊತೆಗಿದ್ದರೂ ಅಷ್ಟೇ. ಇದು ಕೌಂಟರಿನಲ್ಲಿ ಗೊತ್ತಾದರೆ ಕಟ್ಟಿದ ಹಣ ವಾಪಸ್ ಬರುವುದು ಕಷ್ಟ. ಮಕ್ಕಳ ವಯಸ್ಸು ತಿಳಿಸಿ, ಇಮೇಲ್‌ನಲ್ಲೇ ಒಪ್ಪಿಗೆ ಪಡೆಯಿರಿ.

ಡಾರ್ಮಿಟರಿಗೆ ತಲೆಲೆಕ್ಕ, ಕೋಣೆಗೆ ಒಟ್ಟು ಬಾಡಿಗೆ. ಇಬ್ಬರಿಗೆ ಡಾರ್ಮಿಟರಿ ಸಾಮಾನ್ಯವಾಗಿ ಅಗ್ಗ; ನಾಲ್ವರಿದ್ದರೆ ನಾಲ್ಕು ಹಾಸಿಗೆಯ ಕೋಣೆಯ ದರವನ್ನೂ ಹೋಲಿಸಿ ನೋಡಿ, ಎಷ್ಟೋ ಸಲ ವ್ಯತ್ಯಾಸ ಕರಗಿರುತ್ತದೆ. ಟವೆಲ್‌ಗೆ ಬೇರೆ ದುಡ್ಡು ಕೇಳುವುದುಂಟು.

ನಿದ್ದೆಯ ವಿಷಯದಲ್ಲಿ ಕೋಣೆಯೇ ಮೇಲು. ಡಾರ್ಮಿಟರಿಯಲ್ಲಿ ನಡುರಾತ್ರಿ ಬಂದವರು ಚೀಲದ ಜಿಪ್ ಎಳೆಯುತ್ತಾರೆ. ಲಾಕರ್‌ಗೆ ಬೀಗವೂ ನಿಮ್ಮದೇ ಆಗಬೇಕಾದೀತು.

ಒಂದೇ ರಾತ್ರಿ, ಮಕ್ಕಳು ದೊಡ್ಡವರು, ಹಾಸ್ಟೆಲ್ ಒಪ್ಪಿದೆ ಎಂದರೆ ಡಾರ್ಮಿಟರಿ ಸಾಕು. ಮೂರ್ನಾಲ್ಕು ದಿನಕ್ಕೆ, ಅಥವಾ ಅಣ್ಣ-ತಂಗಿ ಇಬ್ಬರೂ ಇದ್ದರೆ, ಬಚ್ಚಲುಮನೆ ಒಳಗೇ ಇರುವ ಕೋಣೆ ಹಿಡಿಯಿರಿ.