ನಮ್ಮದೇ ಹಳೇ ಬಗ್‌ಗಳ ಮುಂದೆ ಸೋನಾರ್‌ಕ್ಯೂಬ್, ಸೆಮ್‌ಗ್ರೆಪ್, ಕೋಡ್‌ಕ್ಯೂಎಲ್ ಮತ್ತು ಒಬ್ಬ ಸಹೋದ್ಯೋಗಿ

ಕಂಪನಿಯ ಒಳಬಳಕೆಗೆ ಬರೆದುಕೊಂಡ ಸಾಫ್ಟ್‌ವೇರ್‌ಗೆ ಒಂದು ತೊಂದರೆ ಇದೆ. ಅದರ ಕೋಡನ್ನು ಹೊರಗಿನವರು ಯಾರೂ ನೋಡುವುದಿಲ್ಲ. ಎಲ್ಲರೂ ಬಳಸುವ ಓಪನ್ ಸೋರ್ಸ್ ಲೈಬ್ರರಿಯಲ್ಲಿ ತೂತು ಇದ್ದರೆ ಇವತ್ತಲ್ಲ ನಾಳೆ ಯಾರೋ ಹುಡುಕಿ ಹೇಳುತ್ತಾರೆ. ಬಿಲ್ ಮಂಜೂರು ಮಾಡಲು ನಾವೇ ಬರೆದ ಅಪ್ಲಿಕೇಶನ್‌ನಲ್ಲಿ ತೂತು ಇದ್ದರೆ ಹುಡುಕಬೇಕಾದವರು ನಾವೇ. ಇಲ್ಲವೇ ಕಳ್ಳ.

ಹಾಗಾಗಿ ಕೋಡನ್ನು ಓದಿ ತಪ್ಪು ಹುಡುಕುವ ಟೂಲ್ ಬೇಕು ಅನ್ನುವುದರಲ್ಲಿ ನಮ್ಮ ತಂಡದಲ್ಲಿ ಜಗಳ ಇರಲಿಲ್ಲ. ಯಾವುದು ಅನ್ನುವುದರಲ್ಲಿ ಇತ್ತು. ಒಬ್ಬರು ಸೋನಾರ್‌ಕ್ಯೂಬ್ ಅಂದರು, ಇನ್ನೊಬ್ಬರು ಸೆಮ್‌ಗ್ರೆಪ್, ಮತ್ತೊಬ್ಬರು ಕೋಡ್‌ಕ್ಯೂಎಲ್. ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ನೋಡುವುದು, ನೆಟ್ಟಗೆ ಮಾಡಿದರೆ ಇದ್ಯಾವುದೂ ಬೇಡ ಅನ್ನುವವರೂ ಇದ್ದರು. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೊರಟೆ.

ಪರೀಕ್ಷೆಗೆ ಸಿದ್ಧ ಮಾದರಿಗಳು ಸಿಗುತ್ತವೆ. ಸಾಫ್ಟ್‌ವೇರ್ ಭದ್ರತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ ಬೆಂಚ್‌ಮಾರ್ಕ್ ಅನ್ನುವ ಜಾವಾ ಪ್ರಾಜೆಕ್ಟಿನ 1.2ನೇ ಆವೃತ್ತಿಯಲ್ಲಿ ಬೇಕಂತಲೇ ಬರೆದಿಟ್ಟ 2,740 ಪರೀಕ್ಷೆಗಳಿವೆ. ಆದರೆ ಟೂಲ್ ಮಾಡುವವರೂ ಅದನ್ನು ನೋಡಿರುತ್ತಾರಲ್ವಾ? ನಾನು ನಮ್ಮದೇ ಟಿಕೆಟ್ ಪಟ್ಟಿ ತೆಗೆದೆ. ಆಗಲೇ ಸರಿಪಡಿಸಿದ್ದ ಬಗ್‌ಗಳನ್ನು ಆರಿಸಿ, ಕೋಡಿನ ಪ್ರತಿ ಬದಲಾವಣೆಯ ಇತಿಹಾಸ ಇಡುವ ಗಿಟ್‌ನಲ್ಲಿ ಸರಿಪಡಿಸುವ ಮುಂಚಿನ ಸ್ಥಿತಿಗೆ ಹೋಗಿ, ಮೂರೂ ಟೂಲ್ ಓಡಿಸಿದೆ. ಮನುಷ್ಯನ ಪಾಲಿಗೆ, ಆ ಬಗ್ ಒಳಗೆ ಬಂದ ಬದಲಾವಣೆಯನ್ನು ಬೇರೆ ಬದಲಾವಣೆಗಳ ಜೊತೆ ಸೇರಿಸಿ, ಏನೂ ಹೇಳದೆ, ಬೇರೆ ತಂಡದ ಒಬ್ಬ ಅನುಭವಿ ಸಹೋದ್ಯೋಗಿಗೆ ಕೊಟ್ಟೆ. ಕೋಡ್ ಜಾವಾದ್ದು, ಸ್ಪ್ರಿಂಗ್ ಅನ್ನುವ ಚೌಕಟ್ಟಿನ ಮೇಲೆ ನಿಂತದ್ದು.

ಮೊದಲನೆಯದು ಎಸ್‌ಕ್ಯೂಎಲ್ ಇನ್‌ಜೆಕ್ಷನ್, ಅಂದರೆ ಹೊರಗಿನವರು ಕಳಿಸಿದ ಮಾತು ಡೇಟಾಬೇಸಿಗೆ ಆಜ್ಞೆಯಾಗಿ ನುಗ್ಗುವ ತೂತು. ಬಿಲ್‌ಗಳ ಪಟ್ಟಿ ಇರುವ ಪರದೆ. ಕಾಲಂ ತಲೆಯ ಮೇಲೆ ಒತ್ತಿದರೆ ಆ ಕಾಲಂ ಪ್ರಕಾರ ಪಟ್ಟಿ ಜೋಡಿಸಿಕೊಳ್ಳಬೇಕು. ಬ್ರೌಸರ್ ಕಾಲಂನ ಹೆಸರನ್ನು ಸರ್ವರ್‌ಗೆ ಕಳಿಸುತ್ತದೆ. ಡೇಟಾಬೇಸಿಗೆ ಕಳಿಸುವ ಕ್ವೆರಿಯಲ್ಲಿ ದಿನಾಂಕ, ವಿಭಾಗ ಇವೆಲ್ಲ ಪ್ರಶ್ನಾರ್ಥಕ ಚಿಹ್ನೆಯ ಜಾಗಕ್ಕೆ ಬರೀ ಮೌಲ್ಯವಾಗಿ, ಸುರಕ್ಷಿತವಾಗಿ ಹೋಗುತ್ತಿದ್ದವು. ಆದರೆ ಜೋಡಣೆಯ ಕ್ರಮ ಹೇಳುವ ಆರ್ಡರ್ ಬೈ ಮುಂದಿನ ಕಾಲಂ ಹೆಸರನ್ನು ಹಾಗೆ ಕಳಿಸಲು ಬರುವುದಿಲ್ಲ. ಕಳಿಸಿದರೆ ಡೇಟಾಬೇಸ್ ಅದನ್ನು ಬರೀ ಒಂದು ಪದ ಅಂದುಕೊಳ್ಳುತ್ತದೆ, ಜೋಡಣೆಯೇ ಆಗುವುದಿಲ್ಲ. ಅದಕ್ಕೆ ಬರೆದವರು ಆ ಹೆಸರನ್ನು ಪ್ಲಸ್ ಹಾಕಿ ಸ್ಟ್ರಿಂಗಿಗೆ ಅಂಟಿಸಿದ್ದರು. ಹೆಸರು ಬ್ರೌಸರ್‌ನ ಕೋರಿಕೆ ಮೊದಲು ಮುಟ್ಟುವ ಕಂಟ್ರೋಲರ್‌ನಿಂದ ಹೊರಟು, ಸರ್ವೀಸ್ ಕ್ಲಾಸ್ ದಾಟಿ, ಮೂರನೇ ಫೈಲಿನಲ್ಲಿ ಕ್ವೆರಿ ಸೇರುತ್ತಿತ್ತು.

ಸೋನಾರ್‌ಕ್ಯೂಬ್‌ನ ಉಚಿತ ಆವೃತ್ತಿ ಆ ಸಾಲನ್ನು ಹಾಟ್‌ಸ್ಪಾಟ್ ಅಂತ ಗುರುತಿಸಿತು. ಅಂದರೆ ‘ಇಲ್ಲಿ ಎಸ್‌ಕ್ಯೂಎಲ್ ಸ್ಟ್ರಿಂಗ್ ಜೋಡಿಸಿದ್ದೀರಿ, ಒಮ್ಮೆ ನೋಡಿ’ ಎಂದಷ್ಟೇ. ಸೆಮ್‌ಗ್ರೆಪ್‌ನ ಉಚಿತ ಆವೃತ್ತಿಯೂ ಹೆಚ್ಚು ಕಡಿಮೆ ಅಷ್ಟೇ ಹೇಳಿತು. ಅದರ ಹುಡುಕಾಟ ಒಂದು ಫಂಕ್ಷನ್ ಒಳಗೇ ನಿಲ್ಲುತ್ತದೆ. ಫೈಲ್ ದಾಟಿ ಬೆನ್ನು ಹತ್ತುವುದು ಎರಡರಲ್ಲೂ ಹಣ ಕೊಟ್ಟ ಆವೃತ್ತಿಯ ಕೆಲಸ. ಇಂಥದ್ದೇ ಎಚ್ಚರಿಕೆ ಎಷ್ಟೋ ಕಡೆ ಇತ್ತು, ಅಲ್ಲೆಲ್ಲ ಅಂಟಿಸಿದ್ದು ಕೋಡ್‌ನಲ್ಲೇ ಇರುವ ಸ್ಥಿರ ಪದಗಳನ್ನು. ಆ ರಾಶಿಯಲ್ಲಿ ನಿಜವಾದದ್ದೂ ಸುಮ್ನೆ ಕೂತಿತ್ತು.

ಕೋಡ್‌ಕ್ಯೂಎಲ್ ಮಿಂಚಿದ್ದು ಇಲ್ಲಿ. ಬ್ರೌಸರ್‌ನಿಂದ ಬಂದ ಮಾತು ಯಾವ ಸಾಲಿನಲ್ಲಿ ಒಳಗೆ ಬಂತು, ಯಾವ ಫಂಕ್ಷನ್‌ಗೆ ಹೋಯಿತು, ಎಲ್ಲಿ ಡೇಟಾಬೇಸ್ ಮುಟ್ಟಿತು ಅಂತ ಹೆಜ್ಜೆ ಹೆಜ್ಜೆಯಾಗಿ ತೋರಿಸಿತು. ಎಚ್ಚರಿಕೆ ನೋಡಿದ ಯಾರೂ ‘ಇದು ಸುಳ್ಳು’ ಅಂತ ವಾದಿಸಲಿಲ್ಲ. ದಾರಿ ಕಣ್ಣ ಮುಂದೆಯೇ ಇದ್ದಾಗ ವಾದಕ್ಕೆ ಜಾಗ ಎಲ್ಲಿ?

ಸಹೋದ್ಯೋಗಿ ಮಾತ್ರ ಇದನ್ನು ಪಾಸ್ ಮಾಡಿಬಿಟ್ಟರು. ಆಮೇಲೆ ಕೇಳಿದರೆ, ‘ಪ್ರಶ್ನಾರ್ಥಕ ಚಿಹ್ನೆ ಕಂಡಿತು, ಸರಿ ಇದೆ ಅಂದುಕೊಂಡೆ’ ಎಂದರು. ಕಣ್ಣು ಪರಿಚಯದ ಗುರುತು ಕಂಡ ಕೂಡಲೇ ಮುಂದಕ್ಕೆ ಹೋಗುತ್ತದೆ. ಪರಿಹಾರ ಚಿಕ್ಕದು, ಬೇಕಿದ್ದವರಿಗೆ: ಅನುಮತಿ ಇರುವ ಕಾಲಂಗಳ ಪಟ್ಟಿ ಕೋಡ್‌ನಲ್ಲೇ ಇಟ್ಟು, ಬಂದ ಹೆಸರು ಅದರಲ್ಲಿ ಇಲ್ಲದಿದ್ದರೆ ವಾಪಸ್ ಕಳಿಸುವುದು.

ಎರಡನೆಯ ಬಗ್‌ನಲ್ಲಿ ಆಟ ತಿರುಗಿತು. ವೆಬ್ ವಿಳಾಸದ ಕೊನೆಯಲ್ಲಿ ಬಿಲ್ ಸಂಖ್ಯೆ ಇತ್ತು. 4512ನ್ನು 4513 ಅಂತ ಬದಲಿಸಿದರೆ ಪಕ್ಕದ ವಿಭಾಗದ ಬಿಲ್ ತೆರೆದುಕೊಳ್ಳುತ್ತಿತ್ತು. ಲಾಗಿನ್ ಆಗಿದ್ದಾರಾ ಅಂತ ಕೋಡ್ ನೋಡುತ್ತಿತ್ತು. ಈ ಬಿಲ್ ಅವರದ್ದಾ ಅಂತ ನೋಡುತ್ತಿರಲಿಲ್ಲ. ಮೂರೂ ಟೂಲ್‌ಗಳು ಮೌನ. ಅವುಗಳನ್ನು ಬೈಯುವ ಹಾಗೂ ಇಲ್ಲ. ಬರೆದ ಸಾಲು ತಪ್ಪಿದ್ದರೆ ಟೂಲ್ ಹೇಳಬಹುದು, ಬರೆಯದೇ ಬಿಟ್ಟ ಸಾಲು ಅದಕ್ಕೆ ಹೇಗೆ ಕಾಣಬೇಕು? ಬಿಲ್ ಯಾರದ್ದು ಅನ್ನುವ ನಿಯಮ ವ್ಯವಹಾರದ್ದು, ಜಾವಾದ್ದಲ್ಲ. ಸಹೋದ್ಯೋಗಿ ಒಂದೇ ಸಾಲಿನ ಕಾಮೆಂಟ್ ಬರೆದಿದ್ದರು: ‘ಇದು ಇವರ ವಿಭಾಗದ ಬಿಲ್ಲೇ ಅಂತ ಎಲ್ಲಿ ನೋಡ್ತಿದೀವಿ?’

ಇದು ಅಪರೂಪದ ತಪ್ಪು ಅಂದುಕೊಳ್ಳಬೇಡಿ. ಓವಾಸ್ಪ್‌ನವರ 2017ರ ಟಾಪ್ 10 ಪಟ್ಟಿಯಲ್ಲಿ ಐದನೇ ಜಾಗದಲ್ಲಿದ್ದ ಈ ಬಗೆಯ ಅನುಮತಿ ದೋಷ 2021ರ ಪಟ್ಟಿಯಲ್ಲಿ ಮೊದಲನೇ ಜಾಗಕ್ಕೆ ಬಂತು. ಒಳಬಳಕೆಯ ಸಾಫ್ಟ್‌ವೇರ್‌ನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ‘ನಮ್ಮವರೇ ತಾನೆ ಬಳಸೋದು’ ಅನ್ನುವ ಧೈರ್ಯ ಬರೆಯುವವರಲ್ಲಿ ಇರುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮನುಷ್ಯ ಒಮ್ಮೆ ಹಿಡಿದದ್ದನ್ನು ಮುಂದಿನ ಸಲವೂ ಹಿಡಿಯುತ್ತಾರೆ ಅನ್ನುವ ಖಾತ್ರಿ ಇಲ್ಲ. ಸೆಮ್‌ಗ್ರೆಪ್ ನನಗೆ ಹಿಡಿಸಿದ್ದು ಈ ಹಂತದಲ್ಲಿ. ಅದರ ರೂಲ್ ನೋಡಲು ಕೋಡಿನ ಹಾಗೇ ಇರುತ್ತದೆ. ಬೇಡದ ಭಾಗಕ್ಕೆ ಮೂರು ಚುಕ್ಕೆ, ಬದಲಾಗುವ ಹೆಸರಿಗೆ ಮುಂದೊಂದು ಡಾಲರ್ ಚಿಹ್ನೆ. ‘ವೆಬ್‌ನಿಂದ ಕರೆಯಬಹುದಾದ ಪ್ರತಿ ಮೆಥಡ್ ಮೇಲೆ ನಮ್ಮ ಅನುಮತಿ ಅನೊಟೇಶನ್ (ಮೆಥಡ್ ತಲೆಯ ಮೇಲಿನ ಗುರುತು) ಇರಲೇಬೇಕು, ಇಲ್ಲದಿದ್ದರೆ ಮರ್ಜ್ (ಮುಖ್ಯ ಕೋಡಿಗೆ ಸೇರಿಸುವುದು) ನಿಲ್ಲಿಸು’ ಅನ್ನುವುದನ್ನು ಹತ್ತು ಹನ್ನೆರಡು ಸಾಲು ಯಾಮಲ್ ಅನ್ನುವ ಸರಳ ಬರಹ ರೂಪದಲ್ಲಿ ಬರೆದಿಟ್ಟೆ. ಒಳಗಿನ ತಪಾಸಣೆ ಸರಿ ಇದೆಯಾ ಅಂತ ಅದು ಹೇಳಲಾರದು. ತಪಾಸಣೆ ಮರೆತದ್ದನ್ನು ಹೇಳುತ್ತದೆ. ಇಂಥ ರೂಲನ್ನು ಕೋಡ್‌ಕ್ಯೂಎಲ್‌ನಲ್ಲೂ ಬರೆಯಬಹುದು, ಇನ್ನೂ ಚೊಕ್ಕವಾಗಿ. ಆದರೆ ಅದಕ್ಕೆ ಅದರದೇ ಕ್ವೆರಿ ಭಾಷೆ ಕಲಿಯಬೇಕು. ನಮ್ಮ ತಂಡದಲ್ಲಿ ಅದನ್ನು ಕಲಿಯುವ ತಾಳ್ಮೆ ಇದ್ದವರು ಕಡಿಮೆ. ಸೆಮ್‌ಗ್ರೆಪ್ ರೂಲನ್ನು ಹೊಸಬರೂ ಬರೆದರು.

ಮೂರನೆಯ ಗುಂಪು ಗುಣಮಟ್ಟದ ತಪ್ಪುಗಳು. ಹಣದ ಲೆಕ್ಕದಲ್ಲಿ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಬಿಗ್‌ಡೆಸಿಮಲ್ ಬಳಸಿದ್ದರು, ಒಳ್ಳೆಯದೇ. ಆದರೆ ಅದಕ್ಕೆ 0.1 ಅನ್ನುವುದನ್ನು ಡಬಲ್ ಆಗಿ, ಅಂದರೆ ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯಾಗಿ, ನೇರವಾಗಿ ಕೊಟ್ಟಿದ್ದರು. ಹಾಗೆ ಕೊಟ್ಟರೆ ಒಳಗೆ ಕೂರುವುದು 0.1000000000000000055 ಹೀಗೆ ಬೆಳೆಯುವ ಬಾಲ. ಸೋನಾರ್‌ಕ್ಯೂಬ್ ಇದನ್ನು ತಕ್ಷಣ ಹಿಡಿದು, ಯಾಕೆ ತಪ್ಪು, ಹೇಗೆ ಬರೆಯಬೇಕು ಅಂತಲೂ ಹೇಳಿತು. ಎಕ್ಸೆಪ್ಶನ್ (ಓಡುವಾಗಿನ ದೋಷ) ಬಂದಾಗ ಮುಚ್ಚದೇ ಉಳಿಯುವ ಡೇಟಾಬೇಸ್ ಕನೆಕ್ಷನ್ನನ್ನೂ ಹಿಡಿಯಿತು. ಇಂಥ ಕೆಲಸದಲ್ಲಿ ಅದರ ಸಮಕ್ಕೆ ಉಳಿದವು ಇಲ್ಲ. ಹೊಸಬರಿಗೆ ಅದರ ವಿವರಣೆಗಳೇ ಒಂದು ಪಾಠ.

ಇಲ್ಲಿ ಮನುಷ್ಯನ ಕಣ್ಣನ್ನು ನಂಬುವುದು ಕಷ್ಟ. 2014ರಲ್ಲಿ ಆ್ಯಪಲ್‌ನ ಕೋಡ್‌ನಲ್ಲಿ ‘ಗೋಟೂ ಫೇಲ್’ ಅನ್ನುವ ಸಾಲು ಎರಡು ಸಲ ಬಿದ್ದಿದ್ದು ಬೆಳಕಿಗೆ ಬಂತು. ಆ ಒಂದು ಹೆಚ್ಚುವರಿ ಸಾಲಿನಿಂದ ಸುರಕ್ಷಿತ ಸಂಪರ್ಕದ ಸಹಿ ಪರಿಶೀಲನೆಯೇ ತಪ್ಪಿಹೋಗುತ್ತಿತ್ತು. ಸಾಲುಗಳ ಜೋಡಣೆ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಅದರ ಕೆಳಗಿನ ಕೋಡ್ ಎಂದೂ ಓಡುವುದಿಲ್ಲ ಅಂತ ಹೇಳುವುದು ಯಂತ್ರಕ್ಕೆ ಸಲೀಸು.

ಪಾಸ್‌ವರ್ಡನ್ನು ಕಾನ್ಫಿಗ್ ಫೈಲಿನಲ್ಲಿ ಬರೆದಿಟ್ಟದ್ದು ಹೆಚ್ಚಿನ ಕಡೆ ಸಿಕ್ಕಿಬೀಳುತ್ತದೆ. ಆದರೆ ಅಳಿಸಿದ ಮೇಲೂ ಗಿಟ್‌ನ ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ. ಅದಕ್ಕೆ ಇತಿಹಾಸವನ್ನೂ ಜಾಲಾಡುವ ಗಿಟ್‌ಲೀಕ್ಸ್ ಥರದ್ದು ಬೇರೆಯೇ ಬೇಕು. ಸಿಕ್ಕ ಮೇಲೆ ಪಾಸ್‌ವರ್ಡನ್ನೇ ಬದಲಿಸಬೇಕು.

ಲೈಬ್ರರಿಗಳ ವಿಷಯವೂ ಹೀಗೇ. 2021ರ ಡಿಸೆಂಬರ್‌ನಲ್ಲಿ ಬಂದ ಲಾಗ್4ಶೆಲ್, ಅಂದರೆ ಲಾಗ್4ಜೆ ಲೈಬ್ರರಿಯ ತೂತು, ನೆನಪಿದೆಯಲ್ಲ, ಸಿವಿಇ-2021-44228? ತೀವ್ರತೆ 10ಕ್ಕೆ 10. ಅದಕ್ಕೆ ತುತ್ತಾದವರ ಸ್ವಂತ ಕೋಡ್‌ನಲ್ಲಿ ಇದ್ದದ್ದು ‘ಇದನ್ನು ಲಾಗ್ ಮಾಡು’ ಅನ್ನುವ ಸಾದಾ ಸಾಲು. ಅದರಲ್ಲಿ ಯಾವ ಟೂಲ್ ತಾನೆ ತಪ್ಪು ಹುಡುಕೀತು? 2017ರಲ್ಲಿ ಅಮೆರಿಕದ ಸಾಲದ ಮಾಹಿತಿ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಹೋದದ್ದೂ ಅಪಾಚೆ ಸ್ಟ್ರಟ್ಸ್ ಲೈಬ್ರರಿಯ ತೂತಿನಿಂದ. ಅದರ ತೇಪೆ ಆ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಲೈಬ್ರರಿಗಳಲ್ಲಿ ಆಗಲೇ ಗೊತ್ತಿರುವ ತೂತು ಹುಡುಕುವ ಓವಾಸ್ಪ್ ಡಿಪೆಂಡೆನ್ಸಿ-ಚೆಕ್ ಅಥವಾ ಟ್ರಿವಿ, ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ. ಇವು ಮೇಲಿನ ನಾಲ್ಕಕ್ಕೆ ಪೈಪೋಟಿ ಅಲ್ಲ, ಬೇರೆಯೇ ಲೆಕ್ಕ.

ಹಿಡಿಯುವುದು ಒಂದು ಮಾತಾದರೆ, ದಿನಾ ಜೊತೆಗೆ ಬಾಳುವುದು ಇನ್ನೊಂದು. ಹಳೇ ಕೋಡ್ ಮೇಲೆ ಮೊದಲ ಸಲ ಓಡಿಸಿದಾಗ ಸೋನಾರ್‌ಕ್ಯೂಬ್ ಸಾವಿರಾರು ಎಚ್ಚರಿಕೆ ಸುರಿಯುತ್ತದೆ. ಆದರೆ ಅದರ ತಯಾರಕರು ಇದಕ್ಕೆ ಒಳ್ಳೆ ದಾರಿ ಇಟ್ಟಿದ್ದಾರೆ: ಹಳೆಯದನ್ನು ಬಿಡಿ, ಹೊಸ ಕೋಡ್ ಮಾತ್ರ ಶುದ್ಧವಾಗಿರಲಿ. ಸಿದ್ಧವಾಗಿ ಬರುವ ಕ್ವಾಲಿಟಿ ಗೇಟ್, ಅಂದರೆ ಪಾಸಾಗಬೇಕಾದ ಷರತ್ತುಗಳ ಪಟ್ಟಿಯಲ್ಲಿ, ಹೊಸ ಕೋಡ್‌ಗೆ ಕನಿಷ್ಠ 80% ಟೆಸ್ಟ್ ಕವರೇಜ್ (ಟೆಸ್ಟ್‌ಗಳು ಓಡಿಸಿ ನೋಡುವ ಕೋಡಿನ ಪಾಲು) ಇರಬೇಕು, ನಕಲು ಸಾಲುಗಳು 3% ದಾಟಬಾರದು.

ಈ 80% ಬಗ್ಗೆ ನನಗೆ ತಕರಾರಿದೆ. ಗುರಿ ಇಟ್ಟ ಕೂಡಲೇ ಜನ ಗುರಿಗಾಗಿಯೇ ಟೆಸ್ಟ್ ಬರೆಯುತ್ತಾರೆ. ಮೆಥಡ್ ಕರೆಯುವುದು, ಉತ್ತರ ನಲ್ (ಖಾಲಿ) ಅಲ್ಲ ಅಂತ ಒಂದು ಸಾಲು ಹಾಕುವುದು, ಕವರೇಜ್ ಹಸಿರು. ಮಂಜೂರಾತಿ ಮಿತಿಯ ಟೆಸ್ಟ್ ಒಂದು ಹಾಗೇ ಇತ್ತು. ಮಿತಿಗಿಂತ ಹೆಚ್ಚಿದ್ದರೆ ಮೇಲಧಿಕಾರಿಗೆ ಕಳಿಸು ಅನ್ನುವ ಸಾಲು ಪೂರ್ತಿ ಹಸಿರಾಗಿತ್ತು. ಮೊತ್ತ ಸರಿಯಾಗಿ ಮಿತಿಯಷ್ಟೇ ಇದ್ದರೆ ಏನು ಅಂತ ಯಾವ ಟೆಸ್ಟೂ ಕೇಳಿರಲಿಲ್ಲ. ಪಿಟ್ ಅನ್ನುವ ಮ್ಯುಟೇಶನ್ ಟೂಲ್ ಓಡಿಸಿದೆ. ಅದು ‘ಹೆಚ್ಚು’ ಚಿಹ್ನೆಯನ್ನು ‘ಹೆಚ್ಚು ಅಥವಾ ಸಮ’ ಅಂತ ಬದಲಿಸಿ, ಟೆಸ್ಟ್‌ಗಳು ಬೀಳುತ್ತವಾ ನೋಡುತ್ತದೆ. ಒಂದೂ ಬೀಳಲಿಲ್ಲ. ಇಡೀ ಪ್ರಾಜೆಕ್ಟ್ ಮೇಲೆ ಪಿಟ್ ನಿಧಾನ. ಹಣ ಮತ್ತು ಅನುಮತಿ ಮುಟ್ಟುವ ಪ್ಯಾಕೇಜುಗಳ ಮೇಲೆ ಮಾತ್ರ ಓಡಿಸಿ, ಸಾಕು.

ವೇಗದಲ್ಲಿ ಸೆಮ್‌ಗ್ರೆಪ್ ಮುಂದು. ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ತರುವುದು) ಬೇಕಿಲ್ಲ, ಬದಲಾದ ಫೈಲುಗಳನ್ನಷ್ಟೇ ನೋಡಿಸಬಹುದು, ಬರೆಯುವವರ ಲ್ಯಾಪ್‌ಟಾಪಿನಲ್ಲೇ, ಕಮಿಟ್ ಮಾಡಿ ಗಿಟ್‌ಗೆ ಸೇರಿಸುವ ಮುಂಚೆ ಓಡುತ್ತದೆ. ಕೋಡ್‌ಕ್ಯೂಎಲ್ ಮೊದಲು ಇಡೀ ಕೋಡಿನ ಒಂದು ಡೇಟಾಬೇಸ್ ಕಟ್ಟಿಕೊಳ್ಳುತ್ತದೆ, ಆಮೇಲೆ ಕ್ವೆರಿ. ಕೋಡ್ ದೊಡ್ಡದಾದಷ್ಟೂ ಕಾಯಬೇಕು. ರಿವ್ಯೂ ಮಾಡುವವರ ವೇಗ ಬದಲಾವಣೆಯ ಗಾತ್ರದ ಮೇಲೆ ನಿಂತಿದೆ. ಚಿಕ್ಕದಿದ್ದರೆ ಹತ್ತು ಪ್ರಶ್ನೆ ಬರುತ್ತವೆ, ಸಾವಿರ ಸಾಲು ಇದ್ದರೆ ‘ಚೆನ್ನಾಗಿದೆ’ ಅನ್ನುವ ಒಂದು ಕಾಮೆಂಟ್. ಈಗ ಎಐ ಸಹಾಯಕರು ಬರೆದುಕೊಡುವ ಉದ್ದುದ್ದ ಬದಲಾವಣೆಗಳಿಂದ ಈ ಎರಡನೇ ಥರದ್ದೇ ಜಾಸ್ತಿ.

ಹಣದ ಮಾತು. ‘ಉಚಿತ’ ಅನ್ನುವುದನ್ನು ಕಂಪನಿ ಕೋಡ್ ಇಟ್ಟುಕೊಂಡು ಓದಬೇಕು. ಕೋಡ್‌ಕ್ಯೂಎಲ್ ಉಚಿತವಾಗಿರುವುದು ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಕೋಡ್‌ಗೆ. ಖಾಸಗಿ ಕೋಡ್‌ಗೆ ಅದರ ಒಡೆಯ ಗಿಟ್‌ಹಬ್‌ನ ಪರವಾನಗಿ ಬೇಕು, ನಮ್ಮಲ್ಲಿ ಅದು ಇದ್ದದ್ದರಿಂದ ನೋಡಲು ಆಯಿತು. ಸೋನಾರ್‌ಕ್ಯೂಬ್‌ನ ಉಚಿತ ಆವೃತ್ತಿ ಮುಖ್ಯ ಬ್ರಾಂಚನ್ನು ಮಾತ್ರ ನೋಡುತ್ತದೆ. ಪುಲ್ ರಿಕ್ವೆಸ್ಟ್ ಹಂತದಲ್ಲೇ, ಅಂದರೆ ಮರ್ಜ್‌ಗೆ ಮುಂಚೆ, ಎಚ್ಚರಿಕೆ ಬೇಕೆಂದರೆ ಹಣ ಕೊಡಬೇಕು. ಮರ್ಜ್ ಆದ ಮೇಲೆ ಬರುವ ಎಚ್ಚರಿಕೆಯನ್ನು ಯಾರು ಓದುತ್ತಾರೆ ಹೇಳಿ. ಸೆಮ್‌ಗ್ರೆಪ್‌ನ ಎಂಜಿನ್ ಓಪನ್ ಸೋರ್ಸ್, ಆದರೆ 2024ರ ಕೊನೆಗೆ ಅದರ ಸಿದ್ಧ ರೂಲ್‌ಗಳ ಪರವಾನಗಿ ಬದಲಾಯಿತು. 2025ರ ಜನವರಿಯಲ್ಲಿ ಕೆಲವು ಭದ್ರತಾ ಕಂಪನಿಗಳು ಸೇರಿ ಅದೇ ಎಂಜಿನ್‌ನಿಂದ ಓಪನ್‌ಗ್ರೆಪ್ ಅಂತ ಕವಲು ತೆಗೆದವು. ನೀವೇ ಬರೆದ ರೂಲ್‌ಗಳಿಗೆ ಇದರಿಂದ ತೊಂದರೆ ಇಲ್ಲ.

ಹಾಗಾದರೆ ಯಾವುದು? ತಾಂತ್ರಿಕವಾಗಿ ಅತಿ ಚುರುಕಾದದ್ದು ಕೋಡ್‌ಕ್ಯೂಎಲ್. ಅಪ್ಲಿಕೇಶನ್ ಇಂಟರ್ನೆಟ್ಟಿಗೆ ತೆರೆದಿದ್ದು, ಪರವಾನಗಿಗೆ ಹಣವಿದ್ದರೆ ಯೋಚಿಸಬೇಡಿ. ತಂಡದಲ್ಲಿ ಹೊಸಬರು ಹೆಚ್ಚಿದ್ದು, ಕೋಬಾಲ್, ಅಬಾಪ್ ಥರದ ಹಳೇ ಭಾಷೆಗಳೂ ಇದ್ದರೆ ಸೋನಾರ್‌ಕ್ಯೂಬ್‌ನ ಹಣ ಕೊಟ್ಟ ಆವೃತ್ತಿ. ಒಂದೇ ಒಂದನ್ನು ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಸೆಮ್‌ಗ್ರೆಪ್. ಅದು ಮೊದಲ ಸಲ ಹಿಡಿದದ್ದು ಕಡಿಮೆ. ಆದರೆ ಬೇರೆಯವರು ಒಮ್ಮೆ ಹಿಡಿದದ್ದು ಎರಡನೇ ಸಲ ಒಳಗೆ ಬರದಂತೆ ನೋಡಿಕೊಂಡದ್ದು ಅದೇ. ರಿವ್ಯೂ ಬಿಡುವ ಮಾತೇ ಇಲ್ಲ. ಟೂಲ್ ಕಾಲಂ ಹೆಸರಿನ ಬೆನ್ನು ಹತ್ತಲಿ, ಮನುಷ್ಯರು ‘ಈ ಬಿಲ್ ಯಾರದ್ದು’ ಅಂತ ಕೇಳಲಿ.

ಯಾವುದನ್ನೇ ತಂದರೂ ಎಚ್ಚರಿಕೆಯ ಬಾಯಿ ಮುಚ್ಚಿಸುವ ಅಧಿಕಾರ ಯಾರಿಗೆ ಅಂತ ಮೊದಲೇ ತೀರ್ಮಾನಿಸಿ. ಸಾಲಿನ ಪಕ್ಕ ‘ನೋಸೋನಾರ್’ ಅಥವಾ ‘ನೋಸೆಮ್‌ಗ್ರೆಪ್’ ಅಂತ ಕಾಮೆಂಟ್ ಹಾಕಿದರೆ ಟೂಲ್ ಸುಮ್ಮನಾಗುತ್ತದೆ, ಬಿಡುಗಡೆಯ ಹಿಂದಿನ ದಿನ ಎಲ್ಲರಿಗೂ ಈ ದಾರಿ ನೆನಪಾಗುತ್ತದೆ. ನಮ್ಮಲ್ಲಿ ಆ ಕಾಮೆಂಟುಗಳನ್ನೇ ಹುಡುಕುವ ಒಂದು ಚಿಕ್ಕ ಸ್ಕ್ರಿಪ್ಟ್ ಮರ್ಜ್‌ಗೆ ಮುಂಚೆ ತಾನಾಗಿ ಓಡುವ ತಪಾಸಣೆಗಳ ಪೈಪ್‌ಲೈನ್‌ನಲ್ಲಿದೆ. ಪಕ್ಕದಲ್ಲಿ ಟಿಕೆಟ್ ಸಂಖ್ಯೆ ಇಲ್ಲದಿದ್ದರೆ ಮರ್ಜ್ ಆಗುವುದಿಲ್ಲ.