ಗಾಳದ ಸ್ಪರ್ಧೆಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ದಾವಣಗೆರೆ, ಚನ್ನಗಿರಿ, ಹರಿಹರ ಕಡೆಯ ಗಾಳದ ಗೆಳೆಯರೇ, ಮೀನು ಹಿಡಿಯುವ ಸ್ಪರ್ಧೆ ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಬಂದರೆ ಬಹುಮಾನದ ಮೊತ್ತ ನೋಡುವ ಮೊದಲು ನಿಯಮ ಎಲ್ಲಿದೆ ಅಂತ ಕೇಳಿ. ಬರೆದ ನಿಯಮ ಕಳಿಸದಿದ್ದರೆ ಹಣ ಕಟ್ಟಬೇಡಿ. ಚನ್ನಗಿರಿ ಕಡೆಯ ಒಂದು ಕೆರೆಗೆ ನಾನು ಮತ್ತು ನನ್ನ ಭಾವಮೈದ ತಲಾ 1,500 ರೂಪಾಯಿ ಕಟ್ಟಿ ಹೋಗಿದ್ದೆವು. ಮೊದಲ ಬಹುಮಾನ 50,000 ಅಂತ ಪೋಸ್ಟರಿನಲ್ಲಿತ್ತು. ನಡೆಸಿದವರ ಹೆಸರು ಹಾಕುವುದಿಲ್ಲ. ನಡೆಸಿದ ರೀತಿ ಮಾತ್ರ ಪೂರ್ತಿ ಹೇಳುತ್ತೇನೆ.

ಬೆಳಿಗ್ಗೆ ಆರಕ್ಕೆ ಬನ್ನಿ ಅಂದಿದ್ದರು, ಹೋದೆವು. ಅಷ್ಟರಲ್ಲಾಗಲೇ ತೂಬಿನ ಹತ್ತಿರದ ಆಳದ ಜಾಗದಲ್ಲಿ ನಾಲ್ಕೈದು ಜನ ಕೊಡೆ ನೆಟ್ಟು, ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲರೂ ನಡೆಸುವವರ ಕಡೆಯವರೇ. ಚೀಟಿ ಎತ್ತಲ್ವಾ ಅಂದರೆ, 'ಅಣ್ಣಾ, ಅಷ್ಟು ದೊಡ್ಡ ಕೆರೆ ಐತಿ, ಎಲ್ಲಿ ಬೇಕಾದ್ರೂ ಕೂತ್ಕಳ್ರಿ' ಅಂದರು. ನಮಗೆ ಸಿಕ್ಕಿದ್ದು ಕೆರೆಯ ಅಂಗಳದ ಕಡೆ, ಮೊಣಕಾಲುದ್ದ ನೀರು, ಜೊಂಡು.

ಗಾಳ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಆಟದಲ್ಲಿ ಅರ್ಧ ಗೆಲುವು ಜಾಗದ್ದು. ಅದಕ್ಕೇ ಸರಿಯಾಗಿ ನಡೆಯುವ ಸ್ಪರ್ಧೆಗಳಲ್ಲಿ ದಡದ ಉದ್ದಕ್ಕೂ ನಂಬರಿನ ಗೂಟ ನೆಟ್ಟು, ಎಲ್ಲರ ಎದುರು ಚೀಟಿ ಎತ್ತಿಸುತ್ತಾರೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಐದು ಜನರ ತಂಡ, ದಡವನ್ನೂ ಐದು ಭಾಗ ಮಾಡಿ ಒಂದೊಂದು ಭಾಗಕ್ಕೆ ತಂಡದ ಒಬ್ಬೊಬ್ಬರು. ಆಯಾ ಭಾಗದಲ್ಲಿ ಕೂತವರ ನಡುವೆ ಮಾತ್ರ ಹೋಲಿಸಿ ಸ್ಥಾನ ಕೊಡುತ್ತಾರೆ. ಹಾಗಾಗಿ ಒಂದು ಕಡೆ ಆಳ, ಇನ್ನೊಂದು ಕಡೆ ಕೆಸರು ಇದ್ದರೂ ಅನ್ಯಾಯ ಕಡಿಮೆ. ನಮ್ಮಲ್ಲಿ ಅಷ್ಟೆಲ್ಲ ಬೇಡ, ಒಂದು ಡಬ್ಬಿ, ಒಂದಿಷ್ಟು ಚೀಟಿ ಸಾಕು. ಅದೂ ಇರಲಿಲ್ಲ.

ಮೇವಿನ ಕಥೆ ಇನ್ನೂ ಚೆನ್ನಾಗಿದೆ. ನಾವು ಶೇಂಗಾ ಹಿಂಡಿ, ತೌಡು ಕಲಸಿ ಉಂಡೆ ಹಾಕಿ ಮೀನು ಬರಲಿ ಅಂತ ಕಾಯುತ್ತಿದ್ದೆವು. ತೂಬಿನ ಕಡೆ ಗಾಳ ಬಿದ್ದ ಐದೇ ನಿಮಿಷಕ್ಕೆ ಬೆಂಡು ಮುಳುಗುತ್ತಿತ್ತು. ಮಧ್ಯಾಹ್ನ ಕುರಿ ಮೇಯಿಸುವ ಹುಡುಗನೊಬ್ಬ ಸುಮ್ನೆ ಮಾತಿಗೆ ಹೇಳಿದ, 'ಇವ್ರು ಮೂರು ದಿನದಿಂದ ದಿನಾ ಸಂಜಿಗೆ ಬಂದು ಅಲ್ಲೇ ಹಿಂಡಿ ಹಾಕ್ತಿದ್ರು.' ಸ್ಪರ್ಧೆಗೆ ಮೊದಲೇ ಜಾಗಕ್ಕೆ ಮೇವು ಹಾಕಿ ಮೀನಿಗೆ ರೂಢಿ ಮಾಡಿಸುವುದು ಶುದ್ಧ ಮೋಸ. ದೊಡ್ಡ ಸ್ಪರ್ಧೆಗಳಲ್ಲಿ ಪ್ರತಿಯೊಬ್ಬರ ಮೇವನ್ನೂ ಲೀಟರ್ ಲೆಕ್ಕದಲ್ಲಿ ಅಳೆದು, ಜಾಸ್ತಿ ಇದ್ದರೆ ದಂಡ ಹಾಕುತ್ತಾರೆ.

ಮಂಡಕ್ಕಿ, ಮಿರ್ಚಿ ಕೊಟ್ಟರು. ಊಟವೂ ಶುಲ್ಕದಲ್ಲೇ ಸೇರಿದೆ ಅಂದಿದ್ದು ಇದಕ್ಕೇ ಅಂತ ಆಮೇಲೆ ಗೊತ್ತಾಯಿತು. ಅದೇ ಹೊತ್ತಿಗೆ ಕೆರೆಯ ಮೀನು ಗುತ್ತಿಗೆ ಹಿಡಿದವರು ಬಂದು ಗಲಾಟೆ ಶುರು ಮಾಡಿದರು. ಮರಿ ಬಿಟ್ಟು ಸಾಕಿದವರು ನಾವು, ಕೇಳದೆ ಹಿಡೀತೀರಾ ಅಂತ. ಅವರ ಮಾತು ನ್ಯಾಯವೇ. ನಡೆಸುವವರು ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಅದೇನೋ ಮಾತಾಡಿ ಕಳಿಸಿದರು. ಪೊಲೀಸು, ಇಲಾಖೆ ಅಂತ ಹೋಗಿದ್ದರೆ ಗಾಳ ಹಿಡಿದು ಕೂತಿದ್ದ ನಾವೂ ಉತ್ತರ ಕೊಡಬೇಕಿತ್ತು.

ಸಂಜೆ ನಾಲ್ಕಕ್ಕೆ ಸೀಟಿ. ಭಾವಮೈದನ ಗಾಳಕ್ಕೆ ಆಗಷ್ಟೇ ಒಂದು ರೋಹು ಬಿದ್ದಿತ್ತು, ಎಳೆದು ಹಾಕುವಷ್ಟರಲ್ಲಿ ಸೀಟಿ ಆಯಿತು. ಲೆಕ್ಕಕ್ಕಿಲ್ಲ ಅಂದರು. ಆಯ್ತು, ಒಪ್ಪಿದೆವು. ಆಮೇಲೆ ನೋಡಿದರೆ ತೂಬಿನ ಹತ್ತಿರ ಒಬ್ಬರು ಸೀಟಿ ಆಗಿ ಹತ್ತು ನಿಮಿಷದ ಮೇಲೂ ಮೀನು ಆಡಿಸುತ್ತಲೇ ಇದ್ದರು. ಅದು ಲೆಕ್ಕಕ್ಕೆ ಬಂತು! ಸೀಟಿ ಹೊತ್ತಿಗೆ ಮೀನು ನೀರಿನಿಂದ ಪೂರ್ತಿ ಮೇಲೆ ಬಂದಿರಬೇಕು ಅಂತ ಕೆಲವು ಕಡೆ ನಿಯಮ. ಸೀಟಿಗೆ ಮೊದಲೇ ಕಚ್ಚಿದ್ದರೆ ಎಳೆದುಕೊಳ್ಳಲು ಇಂತಿಷ್ಟು ನಿಮಿಷ ಅಂತ ಇನ್ನು ಕೆಲವು ಕಡೆ. ಎರಡೂ ಸರಿ. ಬೆಳಿಗ್ಗೆಯೇ ಹೇಳಿರಬೇಕು, ಎಲ್ಲರಿಗೂ ಒಂದೇ ಇರಬೇಕು, ಅಷ್ಟೇ ಅಲ್ವಾ?

ತೂಕ ನಡೆದಿದ್ದು ಶಾಮಿಯಾನದ ಹಿಂದೆ. ನಮ್ಮ ಮೀನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ತೂಗಿದರು, ಅವರ ಕಡೆಯವರದ್ದು ನೀರು ಕುಡಿದ ಗೋಣಿಚೀಲದಲ್ಲಿ. ಚೀಲದ ತೂಕ ಕಳೆಯಲೇ ಇಲ್ಲ. ಗೆದ್ದದ್ದು ಒಂದು ದೊಡ್ಡ ಕಾಟ್ಲಾ. ಸೆಟೆದುಕೊಂಡಿತ್ತು. ಬೆಳಿಗ್ಗೆ ಸತ್ತ ಮೀನೂ ಸಂಜೆಗೆ ಸೆಟೆಯುತ್ತದೆ, ಅಷ್ಟಕ್ಕೇ ಯಾರನ್ನೂ ಕಳ್ಳ ಅನ್ನಲಾಗದು. ಆದರೆ ಅದರ ಕಣ್ಣು ಒಳಗೆ ಇಳಿದಿತ್ತು, ಕಿವಿರು ಬಿಳಿಚಿತ್ತು. ಪಕ್ಕದಲ್ಲಿದ್ದ ಊರಿನ ಅಜ್ಜ ಒಬ್ಬರು, ಜೀವಮಾನವೆಲ್ಲ ಬಲೆ ಬೀಸಿದವರು, ಅದರ ಬಾಯಿ ಬಿಡಿಸಿ ನೋಡಿದರು. ಗಾಳದ ತೂತು ಇಲ್ಲ. ತಲೆಯ ಹಿಂದೆ ಸುತ್ತಲೂ ದಾರದ ಗೀರು. 'ಇದು ಬಲಿಗೆ ಬಿದ್ದಿದ್ದು ತಮ್ಮಾ, ಅದೂ ನಿನ್ನೆದು' ಅಂದರು. ಅಷ್ಟರಲ್ಲಿ ಒಬ್ಬ ಬಂದು ಮೀನನ್ನೇ ಎತ್ತಿಕೊಂಡು ಹೋದ. ಆಕ್ಷೇಪ ಹೇಳಿದ್ದಕ್ಕೆ, ಬಹುಮಾನ ಆಗಲೇ ಘೋಷಣೆ ಆಗಿದೆ ಅಂತ ಉತ್ತರ. ನಾವು ತೂಕದ ಹತ್ತಿರ ನಿಂತಿದ್ದಾಗಲೇ ಮೈಕಿನಲ್ಲಿ ಹೆಸರು ಕೂಗಿದ್ದರು.

ಹೊರಗೂ ಇಂಥದ್ದು ಆಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಇಬ್ಬರು ಮೀನಿನ ಹೊಟ್ಟೆಯೊಳಗೆ ಸೀಸದ ಗುಂಡು ತುರುಕಿ ತೂಕಕ್ಕೆ ಇಟ್ಟಿದ್ದರು. ಗಾತ್ರಕ್ಕೂ ತೂಕಕ್ಕೂ ತಾಳೆಯಾಗದೆ ಅನುಮಾನ ಬಂದು, ಸ್ಪರ್ಧೆಯ ನಿರ್ದೇಶಕರೇ ಎಲ್ಲರ ಮುಂದೆ ಮೀನು ಕೊಯ್ದು ತೋರಿಸಿದರು. ಮುಂದಿನ ವರ್ಷ ಇಬ್ಬರೂ ತಪ್ಪೊಪ್ಪಿಕೊಂಡರು, 10 ದಿನ ಜೈಲಾಯಿತು, ದೋಣಿಯೂ ಹೋಯಿತು. ಅಲ್ಲಿ ನಡೆಸುವವನೇ ಚಾಕು ಹಿಡಿದ. ಇಲ್ಲಿ ನಡೆಸುವವರೇ ಮೀನು ಬಚ್ಚಿಟ್ಟರು.

ಹಾಗಾಗಿ ಹಣ ಕಟ್ಟುವ ಮೊದಲು ಫೋನ್ ಮಾಡಿ ಕೇಳಿ: ಜಾಗಕ್ಕೆ ಚೀಟಿ ಇದೆಯಾ, ಒಬ್ಬರಿಗೆ ಎಷ್ಟು ರಾಡ್, ಕೊನೆ ಸೀಟಿಯ ನಿಯಮ ಏನು, ಗುತ್ತಿಗೆದಾರರ ಒಪ್ಪಿಗೆ ಪತ್ರ ಇದೆಯಾ, ತೂಕ ಎಲ್ಲರ ಎದುರಿಗಾ. ಹಿಡಿದ ಮೀನನ್ನು ನೀರಿನಲ್ಲೇ ಬಲೆಚೀಲದಲ್ಲಿ ಜೀವಂತ ಇಡಬೇಕು ಅಂತ ನಿಯಮ ಇದ್ದರೆ ಇನ್ನೂ ಒಳ್ಳೆಯದು, ನಿನ್ನೆಯ ಮೀನು ತರುವ ದಾರಿ ಅರ್ಧ ಅಲ್ಲೇ ಮುಚ್ಚುತ್ತದೆ. ತೀರ್ಪು ಕೊಡುವವರ ಮನೆಯವರೇ ಸ್ಪರ್ಧೆಯಲ್ಲಿದ್ದರೆ ಹೋಗಲೇಬೇಡಿ.

ಹಣ ವಾಪಸ್ ಕೇಳಿದ್ದಕ್ಕೆ ನಮ್ಮಿಬ್ಬರನ್ನೂ ಗ್ರೂಪಿನಿಂದ ತೆಗೆದರು. ಈಗ ಅದೇ ಪೋಸ್ಟರ್ ಬಣ್ಣ ಬದಲಿಸಿಕೊಂಡು, ಬೇರೆ ಫೋನ್ ನಂಬರ್ ಹಾಕಿಕೊಂಡು ಮತ್ತೆ ಓಡಾಡುತ್ತಿದೆ. ಈ ಸಲ ಹರಿಹರದ ಕಡೆ, ಶುಲ್ಕ 2,000. ನಿಯಮ ಕಳಿಸಿ ಅಂತ ಭಾವಮೈದ ಬೇರೆ ನಂಬರಿನಿಂದ ಮೆಸೇಜ್ ಹಾಕಿದ. ಬಂದದ್ದು ಹಣ ಕಳಿಸುವ ಸ್ಕ್ಯಾನರ್ ಒಂದೇ.